ಅಪ್ಪಚ್ಚಿಯಾಗದ ನಿಂಬೆಹಣ್ಣು

ಒಂದು ಕಾಡಿನಲ್ಲಿ, ನಡುಮಧ್ಯಾಹ್ನವಾದರೂ ಮಂಜು ಕರಗದ ಒಂದು ಕಣಿವೆಯಿತ್ತು. ಆ ಕಣಿವೆಯ ಅಂಚಿನಲ್ಲಿ ಭಲ್ಲಮ್ಮ ಎಂಬ ಕರಡಿ ವಾಸಿಸುತ್ತಿದ್ದಳು. ಅವಳು ಕಾಡಿಗೆಲ್ಲ ಸೂಲಗಿತ್ತಿ. ಯಾರ ಮನೆಯಲ್ಲಿ ಹೆರಿಗೆ ನೋವು ಕಾಣಿಸಿಕೊಂಡರೂ ಅವಳಿಗೇ ಕರೆ ಬರುತ್ತಿತ್ತು. ಅವಳ ಬಳಿ ಒಂದು ಹಳೆಯ ಮೋಟಾರ್ ಸೈಕಲ್ ಇತ್ತು. ಇಪ್ಪತ್ತು ವರ್ಷ ಅದರ ಮೇಲೆಯೇ ಅವಳು ಗುಡ್ಡ ಹತ್ತಿ ಇಳಿದಿದ್ದಳು.

ಆ ಗಾಡಿ ಈಗ ಕೈಕೊಡತೊಡಗಿತ್ತು. ಹಿಂದಿನ ವಾರ ಏರಿನ ನಡುವೆ ನಿಂತೇಬಿಟ್ಟಿತು. ಭಲ್ಲಮ್ಮ ಉಳಿದ ದಾರಿಯನ್ನು ಓಡಿದಳು. ಮುಳ್ಳುಹಂದಿಯ ಮನೆ ತಲುಪಿದಾಗ ಕೂಸು ಹುಟ್ಟಿಯಾಗಿತ್ತು. ಉಸಿರಿರಲಿಲ್ಲ. ತಾಯಿ ಒಂದು ಮಾತೂ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಭಲ್ಲಮ್ಮನಿಗೆ ಅನ್ನಿಸಿತು.

ಅವಳು ಗಾಡಿಯನ್ನು ತಳ್ಳಿಕೊಂಡು ಉಡ ಮೇಸ್ತ್ರಿಯ ಕೊಟ್ಟಿಗೆಗೆ ಹೋದಳು. ಗಾಡಿ ರಿಪೇರಿಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

"ಏನಕ್ಕ, ತಳ್ಕೊಂಡು ಬಂದ್ರಲ್ಲ! ಗಾಡಿ ನಿಮ್ಮನ್ನ ಸಾಕುತ್ತೋ, ನೀವು ಗಾಡಿನ ಸಾಕ್ತೀರೋ?" ಎಂದ ಮೇಸ್ತ್ರಿ.

"ತಮಾಷೆ ಸಾಕು. ಇದನ್ನು ಸರಿಮಾಡಿಸಬೇಕೋ, ಬಿಟ್ಟು ಹೊಸದನ್ನು ಕೊಳ್ಳಬೇಕೋ? ಅಷ್ಟು ಹೇಳು."

ಮೇಸ್ತ್ರಿ ಎಂಜಿನ್ನಿನ ಸುತ್ತ ನಾಲಿಗೆಯಾಡಿಸಿ ವಾಸನೆ ಹಿಡಿದ. "ಚೌಕಟ್ಟು ಕಲ್ಲಿನ ಹಾಗಿದೆ. ಸವೆದಿರೋದು ಪಿಸ್ಟನ್. ಸಿಲಿಂಡರ್ ಕೊರೆದು ಬೋರ್ ಮಾಡಿ ಹೊಸ ಪಿಸ್ಟನ್ ಕೂರಿಸ್ತೀನಿ, ಚೈನ್ ಬದಲಾಯಿಸ್ತೀನಿ, ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕ್ತೀನಿ. ಇನ್ನೂ ಹತ್ತು ವರ್ಷ ಚಿಂತೆಯಿಲ್ಲ. ಆದ್ರೆ ಮೂರು ದಿನ ಬೇಕು."

"ಮೂರು ದಿನವೇ? ಕಣಿವೆಯಾಚೆ ಕಡವೆ ಗೌರವ್ವ ತುಂಬು ಬಸುರಿ. ಚೊಚ್ಚಲು. ಅಷ್ಟರಲ್ಲಿ ಅವಳಿಗೆ ನೋವು ಬಂದರೆ?"

"ಬರಬಹುದು. ಆದ್ರೂ ಅರ್ಧ ಬಿಗಿದ ನಟ್ಟಿನ ಮೇಲೆ ನಿಮ್ಮನ್ನ ಕಳಿಸೋಲ್ಲ ಅಕ್ಕ."

ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಗುಳ್ಳೆನರಿ ಶೃಂಗಾರಯ್ಯ ನಿಂತಿದ್ದ. ಅವನು ಬಂದ ಸದ್ದು ಯಾರಿಗೂ ಕೇಳಿಸಿರಲಿಲ್ಲ. ಅವನ ಪಕ್ಕದಲ್ಲಿ ಕಡುನೀಲಿ ಬಣ್ಣದ ಒಂದು ಮೋಟಾರ್ ಸೈಕಲ್ ಇತ್ತು. ಕೆಸರಿನ ದಾರಿಯಲ್ಲಿ ತಳ್ಳಿಕೊಂಡು ಬಂದಿದ್ದರೂ ಅದರ ಮೇಲೆ ಒಂದು ಚುಕ್ಕೆ ಕೆಸರಿರಲಿಲ್ಲ.

"ನಮಸ್ಕಾರ ತಾಯಿ," ಎಂದ ನರಿ. "ಎರಡೇ ವರ್ಷ ಓಡಿದ ಗಾಡಿ. ಗುಂಡಿ ಒತ್ತಿದರೆ ಹಕ್ಕಿಯ ಹಾಗೆ ಹಾರುತ್ತದೆ. ನಿಮ್ಮ ಹಳೆಯದನ್ನು ಕೊಟ್ಟು ಇದನ್ನು ಒಯ್ಯಿರಿ. ಮೇಲೆ ಬಿಡಿಗಾಸೂ ಬೇಡ. ಸೂಲಗಿತ್ತಿಯ ಸೇವೆ ನನ್ನ ಪುಣ್ಯ."

ಭಲ್ಲಮ್ಮ ಗಾಡಿಯನ್ನು ಸುತ್ತಿ ನೋಡಿದಳು. ಟ್ಯಾಂಕಿನ ಮೇಲೆ ಕೋರೆಹಲ್ಲು ಗೀಚಿದಂಥ ಒಂದು ಗೀರಿತ್ತು. "ಇದು ಕಾಡುಹಂದಿ ಬಸಣ್ಣ ನಿನ್ನಿಂದ ಪಡೆದ ಗಾಡಿಯ ಹಾಗಿದೆಯಲ್ಲ? ಅವನನ್ನು ಆಮೇಲೆ ಯಾರೂ ಕಾಣಲಿಲ್ಲ. ಮುಂಗುಸಿ ಮಾಸ್ತರರೂ ನಿನ್ನ ಹತ್ತಿರವೇ ಗಾಡಿ ಬದಲಿಸಿದರು. ಅವರೂ ಕಾಣೆ."

"ಅಯ್ಯೋ ತಾಯಿ! ಒಳ್ಳೆಯ ಗಾಡಿ ಸಿಕ್ಕವರು ಮನೆಯಲ್ಲಿ ಕೂರುತ್ತಾರೆಯೇ? ಊರೂರು ಸುತ್ತುತ್ತಿರಬೇಕು."

"ಮೇಲೆ ಥಳಕು, ಒಳಗೆ ಹುಳುಕು," ಎಂದು ಮೇಸ್ತ್ರಿ ಗೊಣಗಿದ.

ಭಲ್ಲಮ್ಮ ಯೋಚಿಸಿದಳು. ಮುಳ್ಳುಹಂದಿಯ ಮನೆಯ ಆ ಮೌನ ಅವಳ ಕಿವಿಯಲ್ಲೇ ಇತ್ತು. ಆದರೂ, "ಬೇಡ, ಸದ್ಯಕ್ಕೆ ಹಳೆಯದನ್ನೇ ಮಾಡಿಸುತ್ತೇನೆ," ಎಂದಳು. ನರಿ ನಕ್ಕು, ಗಾಡಿಯನ್ನು ತಳ್ಳಿಕೊಂಡು ಮಂಜಿನಲ್ಲಿ ಮರೆಯಾದ.

ಮೂರನೆಯ ದಿನ ಮಧ್ಯಾಹ್ನ ಎಂಜಿನ್ ಕೂರಿಸಿಯಾಗಿತ್ತು. ಹೊಸ ಚೈನು, ಹೊಸ ಬ್ರೇಕು ಮಿನುಗುತ್ತಿದ್ದವು. ಇನ್ನು ಕೆಲವು ನಟ್ಟುಗಳನ್ನು ಬಿಗಿಯುವುದಷ್ಟೇ ಬಾಕಿ. ಅಷ್ಟರಲ್ಲಿ ಕೊಂಬೆಯಿಂದ ಕೊಂಬೆಗೆ ಹಾರುತ್ತ ಒಂದು ಮುಸುವ ಬಂತು.

"ಅಮ್ಮಾ, ಬೇಗ ಬನ್ನಿ! ಗೌರವ್ವನಿಗೆ ಬೆಳಗಿನಿಂದ ನೋವು. ಮರಿ ಅಡ್ಡ ಸಿಕ್ಕಿಕೊಂಡಿದೆ!"

"ಮೇಸ್ತ್ರಿ, ಇನ್ನೆಷ್ಟು ಹೊತ್ತು?"

"ಅರ್ಧ ಗಂಟೆ."

ಮೇಸ್ತ್ರಿಯ ಮಾತು ಮುಗಿಯುವ ಮೊದಲೇ ಬಾಗಿಲಲ್ಲಿ ಕೆಮ್ಮು ಕೇಳಿಸಿತು. ಶೃಂಗಾರಯ್ಯ ಮತ್ತೆ ನಿಂತಿದ್ದ, ಅದೇ ನೀಲಿ ಗಾಡಿ ಹಿಡಿದು.

ಭಲ್ಲಮ್ಮನ ಮನಸ್ಸು ಸೋತಿತು. "ಕೊಡು," ಎಂದಳು. "ಆದರೆ ಮೊದಲು ನಿಂಬೆಹಣ್ಣು."

ಆ ಕಾಡಿನಲ್ಲಿ ಒಂದು ಕಟ್ಟುಪಾಡಿತ್ತು. ಯಾವ ಗಾಡಿಯೇ ಆಗಲಿ, ಚಕ್ರದಡಿಯಲ್ಲಿ ನಿಂಬೆಹಣ್ಣು ಅಪ್ಪಚ್ಚಿಯಾದ ಮೇಲೆಯೇ ಹೊಸ ಯಜಮಾನರು ಅದನ್ನು ಏರಬೇಕು.

"ಹೊತ್ತು ಮೀರುತ್ತಿದೆ ತಾಯಿ! ಶಾಸ್ತ್ರವನ್ನು ನಾಳೆ ಮಾಡಿದರಾಯಿತು," ಎಂದ ನರಿ.

"ಹೆರಿಗೆಗೆ ಮುಂಚೆ ಕೈ ತೊಳೆಯುವುದನ್ನೂ ನಾಳೆ ಮಾಡಲೇನು?" ಎಂದು ಭಲ್ಲಮ್ಮ ಗದರಿದಳು. ಕೊಟ್ಟಿಗೆಯ ಪಕ್ಕದ ಗಿಡದಿಂದ ಒಂದು ನಿಂಬೆಹಣ್ಣು ಕಿತ್ತು ಚಕ್ರದ ಮುಂದಿಟ್ಟಳು. ಗಾಡಿಯನ್ನು ತಳ್ಳಿದಳು. ಮುಂದಿನ ಚಕ್ರ ಹಣ್ಣಿನ ಮೇಲೆ ಹೋಯಿತು. ಹಿಂದಿನ ಚಕ್ರವೂ ಹೋಯಿತು.

ಹಣ್ಣು ಹಾಗೆಯೇ ಇತ್ತು. ಅದರ ಮೇಲಿನ ಮಂಜಿನ ಹನಿಯೂ ಉರುಳಿರಲಿಲ್ಲ.

ಭಲ್ಲಮ್ಮನ ಮೈಯ ರೋಮವೆಲ್ಲ ಎದ್ದು ನಿಂತಿತು. ಅವಳು ಗಾಡಿಯ ಕನ್ನಡಿಯತ್ತ ಬಗ್ಗಿದಳು. ಅಲ್ಲಿ ಕರಡಿಯ ಮುಖ ಕಾಣಲಿಲ್ಲ. ಬಿಳಿಯ ಕೋರೆಗಳ ಒಂದು ಮುಖ ಬಾಯಿ ತೆರೆದು ಏನನ್ನೋ ಹೇಳುತ್ತಿತ್ತು. ಧ್ವನಿ ಹೊರಗೆ ಬರಲಿಲ್ಲ. ಅದರ ಹಿಂದೆ, ಇನ್ನೂ ಚಿಕ್ಕದಾಗಿ, ಮುಂಗುಸಿಯ ಮುಖವೊಂದಿತ್ತು.

ಅವಳು ಹ್ಯಾಂಡಲ್ ಬಿಟ್ಟು ಹಿಂದೆ ಸರಿದಳು. ನರಿಯತ್ತ ತಿರುಗಿ ಕೇಳಿದಳು: "ಶೃಂಗಾರಯ್ಯ, ಈ ಗಾಡಿಯನ್ನು ನೀನು ಯಾವಾಗಲೂ ತಳ್ಳಿಕೊಂಡೇ ಬರುತ್ತೀಯಲ್ಲ. ಒಂದು ದಿನವೂ ಏರಿದ್ದನ್ನು ನೋಡಲಿಲ್ಲ."

"ಪೆಟ್ರೋಲ್ ಉಳಿಸಲು, ತಾಯಿ."

"ಇದಕ್ಕೆ ತೂಕವೇ ಇಲ್ಲ. ನನಗೆ ಬೇಡ. ತೆಗೆದುಕೊಂಡು ಹೋಗು."

ನರಿಯ ಕಣ್ಣು ಭಲ್ಲಮ್ಮನ ಹಳೆಯ ಗಾಡಿಯ ಮೇಲೆ ಬಿತ್ತು. ಹೊಸ ಪಿಸ್ಟನ್, ಹೊಸ ಚೈನು, ಹೊಸ ಬ್ರೇಕು! ಮೂರು ದಿನದ ಹಿಂದಿನ ಗುಜರಿ ಈಗ ಕೈಗೆ ಸಿಕ್ಕಿದರೆ ಬಂಗಾರ. ಅವನ ಬಾಯಲ್ಲಿ ನೀರೂರಿತು.

"ತೂಕವಿಲ್ಲವೇ? ನಾನು ಕೂತರೆ ಹಣ್ಣು ಹೇಗೆ ಒಡೆಯುತ್ತದೆ ನೋಡಿ," ಎಂದ. ಮೊದಲು ಅಂಗಿಯ ಜೇಬು ತಟ್ಟಿ ನೋಡಿಕೊಂಡ. ಬೀಗದ ಕೈ ಅಲ್ಲೇ ಇತ್ತು. ಎಂಜಿನ್ ಆರಿದೆ, ಕಾಲು ನೆಲದ ಮೇಲಿದೆ, ಇನ್ನೇನು ಭಯ ಎಂದುಕೊಂಡು ನರಿ ಸೀಟಿನ ಮೇಲೆ ಕೂತ.

ಯಾರೂ ಗುಂಡಿ ಒತ್ತಲಿಲ್ಲ. ಪೊರೆ ಬಂದ ಕಣ್ಣಿನಂತೆ ಹೆಡ್‌ಲೈಟ್ ಮಬ್ಬಾಗಿ ತೆರೆದುಕೊಂಡಿತು. ಗಾಡಿ ಸದ್ದಿಲ್ಲದೆ ಕಣಿವೆಯ ಕಡೆಗೆ ಹೊರಟಿತು.

"ನಾನಲ್ಲ! ನಿಲ್ಲು!" ಎಂದು ನರಿ ಗಾಡಿಗೇ ಕೂಗಿ ಹೇಳಿದ. "ನಾನು ಕೊಳ್ಳುವವನಲ್ಲ, ಕೊಡುವವನು! ಇಷ್ಟು ಜನರನ್ನು ನಿನಗೆ ಕೊಟ್ಟವನು ನಾನೇ ಅಲ್ಲವೇ?"

ಮೇಸ್ತ್ರಿ ನೆಗೆದು ಅವನ ಬಾಲ ಹಿಡಿದ. ಉಡದ ಪಟ್ಟು ಎಂದರೆ ಕೋಟೆಯ ಗೋಡೆಯನ್ನೂ ಬಿಡುವುದಿಲ್ಲ. ಅವನು ಬಿಡಲೂ ಇಲ್ಲ. ಆದರೆ ಆ ಬಾಲ ಮುಷ್ಟಿಯೊಳಗೇ ತಣ್ಣಗಾಯಿತು, ಹಗುರವಾಯಿತು, ಕೊನೆಗೆ ಇಲ್ಲವಾಯಿತು. ನರಿಯ ಕೂಗನ್ನು ಮಂಜು ನುಂಗಿತು.

ಭಲ್ಲಮ್ಮ ಹಳೆಯ ಗಾಡಿಯತ್ತ ತಿರುಗಿ, "ಮೇಸ್ತ್ರಿ, ನಟ್ಟು," ಎಂದಳು. ಮೇಸ್ತ್ರಿ ಕೂಡಲೇ ಕೆಲಸಕ್ಕೆ ಕೂತ. ಆ ಅವಸರದಲ್ಲೂ ಒಂದು ನಟ್ಟನ್ನೂ ಅರೆಬಿಗಿಯಾಗಿ ಬಿಡಲಿಲ್ಲ. ಮೂರನೆಯ ಕಿಕ್ಕಿಗೆ ಹಳೆಯ ಗಾಡಿ ಗುಡುಗಿತು.

ಕಣಿವೆಯ ಇಳಿಜಾರಿನಲ್ಲಿ ಒಂದು ಮಾರು ದೂರವೂ ಕಾಣುತ್ತಿರಲಿಲ್ಲ. ಎಡಗಡೆ, ದಾರಿಯೇ ಇಲ್ಲದ ಕಡೆಯಲ್ಲಿ ಯಾರೋ ಹಾರ್ನ್ ಒತ್ತಿದರು. ಮತ್ತೆ ಒತ್ತಿದರು. ಭಲ್ಲಮ್ಮ ತಿರುಗಿ ನೋಡಲಿಲ್ಲ. ಕೊನೆಯ ತಿರುವಿನಲ್ಲಿ ರಸ್ತೆ ಇದ್ದಕ್ಕಿದ್ದಂತೆ ಮುರಿದಿತ್ತು. ಹೊಸ ಬ್ರೇಕು ಕಚ್ಚಿ ಹಿಡಿಯಿತು. ಮುಂದಿನ ಚಕ್ರದಿಂದ ಒಂದು ಕಲ್ಲು ಜಾರಿ ಕೆಳಗೆ ಹೋಯಿತು. ಅದು ತಳ ಮುಟ್ಟಿದ ಸದ್ದು ಬರಲೇ ಇಲ್ಲ. ಅವಳು ಗಾಡಿಯನ್ನು ಹಿಂದಕ್ಕೆಳೆದು ಬಳಸುದಾರಿ ಹಿಡಿದಳು.

ಅವಳು ತಲುಪುವಷ್ಟರಲ್ಲಿ ಗೌರವ್ವನ ಕಣ್ಣು ತೇಲಿತ್ತು. ಭಲ್ಲಮ್ಮ ಕೈ ತೊಳೆದಳು. ಮರಿಯನ್ನು ಒಳಗೇ ನಿಧಾನವಾಗಿ ತಿರುಗಿಸಿದಳು. "ಇನ್ನೊಂದು ಸಲ ತಿಣುಕು ಮಗಳೇ, ಒಂದೇ ಸಲ!" ಮರಿ ಹೊರಗೆ ಬಂತು. ಉಸಿರಿರಲಿಲ್ಲ. ಒಣಹುಲ್ಲಿನಿಂದ ಅದರ ಎದೆಯನ್ನು ಉಜ್ಜಿದಳು, ಮತ್ತೆ ಉಜ್ಜಿದಳು. ಮರಿ ಸೀನಿತು. ತಾಯಿ ಅತ್ತಳು.

ಆಗ ಹೊರಗಿನಿಂದ ನರಿಯ ಧ್ವನಿ ಕೇಳಿಸಿತು. "ಇಳಿಸಿಕೊಳ್ಳಿ... ಯಾರಾದರೂ ನನ್ನನ್ನು ಇಳಿಸಿಕೊಳ್ಳಿ..."

ಭಲ್ಲಮ್ಮ ಹೊರಗೆ ಬಂದಳು. ಅಂಗಳದಲ್ಲಿ ನೀಲಿ ಗಾಡಿ ನಿಂತಿತ್ತು. ಸೀಟು ಬರಿದಾಗಿತ್ತು. ಕ್ಲಚ್ಚಿನ ಹಿಡಿ ಮಾತ್ರ ತಾನಾಗಿ ಒಳಗೆ ಬಾಗುತ್ತಿತ್ತು, ಬಿಡುತ್ತಿತ್ತು, ಮತ್ತೆ ಬಾಗುತ್ತಿತ್ತು.

ಎಷ್ಟೋ ಕೂಸುಗಳನ್ನು ಈ ಲೋಕಕ್ಕೆ ಇಳಿಸಿಕೊಂಡ ಕೈ ಅವಳದು. ಯಾರು, ಎಂಥವರು ಎಂದು ಕೇಳಿ ಚಾಚುವ ಕೈ ಅದಾಗಿರಲಿಲ್ಲ. ಅವಳು ಕೈ ಚಾಚಿದಳು. ಸೀಟನ್ನು ಈ ತುದಿಯಿಂದ ಆ ತುದಿಯವರೆಗೂ ತಡವಿದಳು. ಇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ನೀತಿ: ತಾನು ಏರಲು ಅಂಜುವ ಬಂಡಿಗೆ ಪರರನ್ನು ಏರಿಸುವವನು ಕೊನೆಗೆ ತಾನೇ ಅದರ ಪಾಲಾಗುತ್ತಾನೆ, ಗಟ್ಟಿಯಾದ ಹಳೆಯದನ್ನು ತಾಳ್ಮೆಯಿಂದ ಸರಿಪಡಿಸಿಕೊಂಡವರು ಕ್ಷೇಮವಾಗಿ ಗುರಿ ಮುಟ್ಟುತ್ತಾರೆ.