ಎತ್ತಲಾಗದ ಕಲ್ಲು

ಹೇಮಾವತಿಯ ದಡದಲ್ಲಿ, ದೋಣಿ ದಾಟುವ ಕಡವಿನ ಪಕ್ಕದ ತೆಂಗಿನ ಗರಿಯ ಚಪ್ಪರವೇ ಪೂಜ್ಯ ನಿರುಪಮಾನಂದ ಸ್ವಾಮಿಗಳ ಆಶ್ರಮವಾಗಿತ್ತು. ಕಾಶಿಯಲ್ಲಿ ನ್ಯಾಯ, ವೇದಾಂತಗಳನ್ನು ಆಳವಾಗಿ ಓದಿ ಬಂದಿದ್ದ ಆ ಮಹಾತ್ಮರು ಪ್ರವಚನಕ್ಕೆ ಕುಳಿತದ್ದನ್ನು ಕಂಡವರು ಕಡಿಮೆ. ಹೊಳೆ ದಾಟಿ ಹಸಿದು ಬಂದವರಿಗೆ ಮಧ್ಯಾಹ್ನ ಅನ್ನ, ಸೊಪ್ಪಿನ ಹುಳಿ ಬಡಿಸುವುದೇ ಅವರ ನಿತ್ಯದ ಅನುಷ್ಠಾನ.

ಒಂದು ದಿನ ಅಲ್ಲಿಗೆ ಸೀತಾಪತಿ ಶಾಸ್ತ್ರಿಗಳು ಬಂದರು. ಪೇಟೆಯ ಸಂಸ್ಕೃತ ಪಾಠಶಾಲೆಯಲ್ಲಿ ತರ್ಕ ಹೇಳಿಕೊಡುತ್ತಿದ್ದ ಅವರು ವಾದದಲ್ಲಿ ಯಾರಿಗೂ ಸೋತವರಲ್ಲ. ದೇವರ ಪೂಜೆ ಬಿಟ್ಟು ವರ್ಷಗಳೇ ಆಗಿದ್ದವು. ಆದರೆ ಅಂದು ಅವರು ಬಂದದ್ದು ಗೆಲ್ಲುವುದಕ್ಕಲ್ಲ. ಯಾರಾದರೂ ತಮ್ಮನ್ನು ಸೋಲಿಸಲಿ ಎಂಬ ಆಸೆಯಿಂದ.

ಅವರ ಪತ್ನಿ ಪುಟ್ಟಲಕ್ಷ್ಮಮ್ಮನವರು ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿದ್ದರು. ಮಲಗಿದಲ್ಲೇ ದೇವರೊಡನೆ ಮನೆಯವನೊಬ್ಬನ ಜೊತೆ ಆಡುವಂತೆ ಮಾತಾಡುತ್ತಿದ್ದರು. ಮಳೆ ಬಂದರೆ ಅವನಿಗೆ ಹೇಳುವರು, ಹುಳಿಗೆ ಉಪ್ಪು ಹೆಚ್ಚಾದರೆ ಅವನಿಗೆ ದೂರುವರು. ಒಂದು ಸಂಜೆ, "ಅವನಿಗೆ ಆಗದ್ದು ಏನಿದೆ?" ಎಂದು ಆಕೆ ಅಂದಾಗ ಶಾಸ್ತ್ರಿಗಳಿಗೆ ರೇಗಿತು. "ತಾನೇ ಎತ್ತಲಾಗದಂಥ ಕಲ್ಲನ್ನು ನಿನ್ನ ದೇವರು ಮಾಡಬಲ್ಲನೇನು? ಮಾಡಿದರೆ ಎತ್ತಲಾರ. ಮಾಡಲಾರನಾದರೆ ಅದೇ ಅವನಿಗೆ ಆಗಲಿಲ್ಲ. ಸರ್ವಶಕ್ತ ಅನ್ನೋ ಮಾತಿಗೇ ಅರ್ಥವಿಲ್ಲ ಕಣೇ" ಎಂದುಬಿಟ್ಟರು.

ಆಕೆ ಕೋಪಿಸಿಕೊಳ್ಳಲಿಲ್ಲ. ಯೋಚಿಸುತ್ತ ಮಲಗಿದರು. ಕೆಲವು ದಿನಗಳ ಮೇಲೆ, "ನೀವು ಹೇಳಿದ್ದೇ ಸರಿ ಅನ್ನಿಸ್ತದೆ" ಎಂದು ಗೋಡೆಯ ಕಡೆ ಹೊರಳಿಕೊಂಡರು. ಆ ಮೇಲೆ ಮನೆಯಲ್ಲಿ ಮಾತೇ ನಿಂತುಹೋಯಿತು. ತಟ್ಟೆಯ ಅನ್ನ ತಟ್ಟೆಯಲ್ಲೇ ಉಳಿಯತೊಡಗಿತು. ಶಾಸ್ತ್ರಿಗಳು ಹೆದರಿದರು. "ಏನೋ ತಮಾಷೆಗೆ ಅಂದೆ, ಬಿಟ್ಟುಬಿಡು" ಎಂದು ಅಂಗಲಾಚಿದರು.

"ಸಮಾಧಾನ ಬೇಡ. ಉತ್ತರ ಇದ್ದರೆ ಹೇಳಿ" ಎಂದರು ಆಕೆ.

ಆ ಉತ್ತರ ಹುಡುಕಿಕೊಂಡೇ ಶಾಸ್ತ್ರಿಗಳು ಆಶ್ರಮಕ್ಕೆ ಬಂದಿದ್ದರು.

ಇದನ್ನೆಲ್ಲ ಅವರು ಚಪ್ಪರದಲ್ಲಿ ನಿಂತೇ ಹೇಳಿದರು. ಸ್ವಾಮಿಗಳು ಕೈಯಲ್ಲಿ ಅನ್ನದ ಬುಟ್ಟಿ ಹಿಡಿದು ಕೇಳಿಸಿಕೊಂಡರು. ಎದುರಿಗೆ ಪಂಕ್ತಿ ತುಂಬ ಜನ ಉಣ್ಣುತ್ತಿದ್ದರು.

"ಶಾಸ್ತ್ರಿಗಳೇ, ಈ ಪಂಕ್ತಿಯಲ್ಲಿ ವಂಧ್ಯಾಪುತ್ರನಿಗೆ ನಾವು ಎಲೆ ಹಾಕಿಲ್ಲ. ನಮ್ಮ ಅನ್ನಕ್ಕೆ ಕೊರತೆ ಅನ್ನುತ್ತೀರಾ?"

"ಬಂಜೆಯ ಮಗನಿಗೆ ಎಲೆಯೇ? ಅಂಥವನೇ ಇಲ್ಲ. ಬಂಜೆ ಎಂದರೆ ಮಗನಿಲ್ಲ, ಮಗನಿದ್ದರೆ ಬಂಜೆಯಲ್ಲ. ಇಲ್ಲದವನಿಗೆ ಬಡಿಸದಿದ್ದರೆ ಕೊರತೆ ಹೇಗಾದೀತು?"

"ಸರ್ವಶಕ್ತನು ಎತ್ತಲಾಗದ ಕಲ್ಲೂ ಆ ಬಂಜೆಯ ಮಗನೇ" ಎಂದರು ಸ್ವಾಮಿಗಳು. "ಮಾತಿದೆ, ವಸ್ತುವಿಲ್ಲ. ಅವನಿಗೆ ಆಗದು ಎನ್ನಬೇಕಾದರೆ ಮೊದಲು ಅದು ಏನಾದರೂ ಒಂದು ಆಗಿರಬೇಕಲ್ಲ?"

ಶಾಸ್ತ್ರಿಗಳು ತಲೆದೂಗಿದರು. ಎಷ್ಟೋ ವರ್ಷಗಳಿಂದ ವಿದ್ಯಾರ್ಥಿಗಳಿಗೆ ತಾವೇ ಪಾಠ ಹೇಳುತ್ತಿದ್ದ ಉದಾಹರಣೆ ಅದು! ಆದರೂ ಮನೆಯಲ್ಲಿ ಕಾದಿರುವ ಆಕೆ ಅರ್ಧ ಉತ್ತರಕ್ಕೆ ಒಪ್ಪುವವರಲ್ಲ. ಅವರು ಬಿಡದೆ ಕೇಳಿದರು: "ಗಾರೆ ಕೆಲಸದವನು ತಾನೇ ಎತ್ತಲಾಗದ ಗೋಡೆಯನ್ನು ಕಟ್ಟುತ್ತಾನೆ, ಸ್ವಾಮಿ. ಮನುಷ್ಯನ ಕೈಲಾದದ್ದು ದೇವರ ಕೈಲಾಗದೇ?"

ಸ್ವಾಮಿಗಳ ಮುಖ ಅರಳಿತು. "ಕಟ್ಟುವುದು ಅವನ ಶಕ್ತಿ, ನಿಜ. ಎತ್ತಲಾರದೆ ಹೋಗುವುದು? ಅದು ಅವನ ತೋಳು ಸೋಲುವುದು. ಸೋಲನ್ನೂ ಒಂದು ಶಕ್ತಿ ಎಂದು ಎಣಿಸಿ, ಅದು ದೇವರಿಗಿಲ್ಲವಲ್ಲ ಎಂದು ಮರುಗುತ್ತೀರಾ?"

ಶಾಸ್ತ್ರಿಗಳಿಗೆ ಎದೆಯ ಮೇಲಿನ ಭಾರ ಇಳಿದಂತಾಗಿ, ಅಷ್ಟು ಜನರ ಎದುರಿಗೇ ಕಣ್ಣು ತುಂಬಿ ಬಂತು. "ತಾವೇ ದಯಮಾಡಿಸಿ ಆಕೆಗೆ ಹೇಳಬೇಕು" ಎಂದು ಕಾಲಿಗೆರಗಿದರು.

"ಪ್ರಶ್ನೆ ಇಟ್ಟವರು ನೀವು. ಉತ್ತರವೂ ನಿಮ್ಮ ಬಾಯಿಂದಲೇ ಬರಲಿ" ಎಂದು ಸ್ವಾಮಿಗಳು ಅವರನ್ನು ಎಬ್ಬಿಸಿದರು. "ಊಟ ಮಾಡಿ ಹೊರಡಿ."

ಸೂರ್ಯ ಮುಳುಗುವ ಮುನ್ನವೇ ಶಾಸ್ತ್ರಿಗಳು ಮನೆ ಸೇರಿದರು. ಕಾಲು ತೊಳೆದವರೇ ಮಂಚದ ಬಳಿ ಬಂದು, "ನಾನು ಸೋತೆ" ಎಂದರು. ಪುಟ್ಟಲಕ್ಷ್ಮಮ್ಮನವರು ಮೆಲ್ಲನೆ ಇತ್ತ ತಿರುಗಿದರು. ಶಾಸ್ತ್ರಿಗಳು ನಡೆದದ್ದೆಲ್ಲವನ್ನೂ ಒಂದಕ್ಷರ ಬಿಡದೆ ಒಪ್ಪಿಸಿದರು. ಆಕೆ ಎರಡು ಕಡೆ ತಡೆದು, ಮತ್ತೆ ಹೇಳಿಸಿ ಕೇಳಿದರು. ಕೊನೆಗೆ, "ಹೌದು, ಸರಿಹೋಯಿತು" ಎಂದರು.

ಆಗ ಶಾಸ್ತ್ರಿಗಳಿಗೆ ಬೇರೊಂದು ಅಳುಕು ಹುಟ್ಟಿತು. "ಅವನಿಗೆ ಎಲ್ಲ ಆಗುವುದಾದರೆ ನಿನ್ನನ್ನು ಯಾಕೆ ಎಬ್ಬಿಸಿಲ್ಲ ಅಂತ... ನಾನು ಅದನ್ನು ಕೇಳಿಕೊಂಡು ಬರಲಿಲ್ಲ, ಲಕ್ಷ್ಮೀ."

ಪುಟ್ಟಲಕ್ಷ್ಮಮ್ಮನವರು ಎಷ್ಟೋ ದಿನಗಳ ಮೇಲೆ ನಕ್ಕರು. "ಅದನ್ನು ನೀವು ಯಾಕೆ ಕೇಳ್ತೀರಿ? ಅದು ನನಗೂ ಅವನಿಗೂ ಇರೋ ಜಗಳ. ಜಗಳ ಆಡೋದಕ್ಕೆ ಎದುರಿಗೆ ಅವನು ಬೇಕಿತ್ತು, ನೀವು ಅವನೇ ಇಲ್ಲ ಅನ್ನಿಸಿಬಿಟ್ಟಿದ್ದಿರಿ."

ಶಾಸ್ತ್ರಿಗಳು ಮಂಚದ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತರು. ಆಕೆ ತಮ್ಮ ದೇವರನ್ನು ಏಕವಚನದಲ್ಲಿ ಕರೆದು ತರಾಟೆಗೆ ತೆಗೆದುಕೊಳ್ಳತೊಡಗಿದಾಗ, ತರ್ಕದ ಆ ವಿದ್ವಾಂಸರು ಮಾತು ಮುಗಿಯುವವರೆಗೂ ಕೈಮುಗಿದೇ ಕೇಳುತ್ತಿದ್ದರು.