ಮುನ್ನೂರು ಗಜದ ಕಾಯಿ

ಕೊಡಗಿನ ಒಂದು ಹೊಳೆಯ ದಂಡೆಯಲ್ಲಿ ಕರುಂಬಯ್ಯನೆಂಬ ಗುರುಗಳಿದ್ದರು. ಅವರು ಕಲಿಸುತ್ತಿದ್ದದ್ದು ಮಂತ್ರವನ್ನಲ್ಲ, ರೈಫಲ್ಲಿನಿಂದ ಗುರಿ ಹೊಡೆಯುವುದನ್ನು.

ಸೈನ್ಯದಲ್ಲಿ ಸುಬೇದಾರರಾಗಿದ್ದವರು. ನಿವೃತ್ತರಾಗಿ ಬಂದ ಮೇಲೆ ತಮ್ಮ ಗದ್ದೆಯ ಕೊನೆಯಲ್ಲಿ, ಎತ್ತರದ ಮಣ್ಣಿನ ಗೋಡೆಯಂಥ ಬರೆಯ ಮುಂದೆ ಒಂದು ಗೂಟ ನೆಟ್ಟರು. ಅದರ ತಲೆಗೆ ತೆಂಗಿನಕಾಯಿ ಕಟ್ಟಿ, ಈಚೆ ಚಾಪೆ ಹಾಸಿ, ಶಿಷ್ಯರನ್ನು ಬೋರಲು ಮಲಗಿಸುತ್ತಿದ್ದರು. ಬೇಟೆ ಕಲಿಯಬೇಕೆಂದು ಬಂದವರನ್ನು ಗೇಟಿನಿಂದಲೇ ವಾಪಸು ಕಳಿಸುತ್ತಿದ್ದರು. ಕಾಯಿ ಹೊಡೆಯುವ ಸಂತೋಷ ಸಾಕು ಎನ್ನುವವರಿಗೆ ಮಾತ್ರ ಒಳಗೆ ಕಾಫಿ.

ಆ ಹೊತ್ತಿಗೆ ಅವರಲ್ಲಿ ಉಳಿದಿದ್ದ ಶಿಷ್ಯ ಒಬ್ಬನೇ, ನಾಗಭೂಷಣ. ವಯಸ್ಸು ನಲವತ್ತೆರಡು. ಬಯಲುಸೀಮೆಯವನು, ಸರ್ವೆ ಇಲಾಖೆಯಲ್ಲಿ ಜಮೀನು ಅಳೆಯುವ ಕೆಲಸ. ಭಾನುವಾರ ಬೆಳಗಾದರೆ ಬೈಕು ಹತ್ತಿ ಎಪ್ಪತ್ತು ಕಿಲೋಮೀಟರು ಬರುತ್ತಿದ್ದ. ಜೇಬಿನಲ್ಲಿ ಯಾವಾಗಲೂ ಒಂದು ನೋಟುಪುಸ್ತಕ.

ಗುರುಗಳ ಹತ್ತಿರ ಇದ್ದದ್ದು ಹಳೆಯ ಪಾಯಿಂಟ್ ಟೂ ಟೂ ರೈಫಲ್. ಗುಂಡು ಕಿರುಬೆರಳಿಗಿಂತ ತೆಳು, ಸದ್ದು ಒಣಕಡ್ಡಿ ಮುರಿದಷ್ಟು. ನೂರು ಗಜದ ಕಾಯಿಗೆ ಅದು ಧಾರಾಳವಾಯಿತು.

ಅವರದು ಒಂದೇ ಕಟ್ಟಳೆ. ಒಂದು ಗುಂಡು ಹೊಡೆದರೆ ಏಳಬೇಕು, ಗೂಟದವರೆಗೆ ನಡೆದುಹೋಗಿ ನೋಡಿಕೊಂಡು ಬರಬೇಕು, ಆಮೇಲೆ ಇನ್ನೊಂದು. ಯಾಕೆಂದು ನಾಗಭೂಷಣ ಕೇಳಲಿಲ್ಲ. ತಾಳ್ಮೆ ಕಲಿಸುತ್ತಿದ್ದಾರೆ ಅಂತ ತಾನೇ ಅರ್ಥ ಮಾಡಿಕೊಂಡ.

ಗದ್ದೆಯ ಎಡಕ್ಕೆ ಹೊಳೆ, ಬಲಕ್ಕೆ ಒಂದು ಗುಡ್ಡ. ಆ ಗುಡ್ಡದಾಚೆ ಇದ್ದದ್ದು ಒಂದೇ ಮನೆ, ಗುರುಗಳ ತಮ್ಮ ಮೇದಪ್ಪನದು.

ಈ ತಮ್ಮನ ವಿಷಯ ನಾಗಭೂಷಣನಿಗೆ ಹೇಳಿದವರು ಗುರುಗಳ ಹೆಂಡತಿ ಪೂವಮ್ಮ, ಒಂದು ದಿನ ಕಾಫಿ ಕೊಡುತ್ತಾ. ಗದ್ದೆಗೆ ನೀರು ಬಿಡುವ ವಿಚಾರಕ್ಕೆ ಹದಿನೆಂಟು ವರ್ಷದ ಹಿಂದೆ ಅಣ್ಣತಮ್ಮಂದಿರಿಗೆ ಮಾತು ಬೆಳೆಯಿತಂತೆ. ಇನ್ನು ಮೇಲೆ ನೀನು ನನ್ನ ಪಾಲಿಗೆ ಸತ್ತೆ ಅಂತ ಅಣ್ಣ ಅಂದರಂತೆ. ನೀನು ನಿಜವಾಗಿ ಸತ್ತರೂ ನಿನ್ನ ಅಂಗಳ ತುಳಿಯೋದಿಲ್ಲ ಅಂತ ತಮ್ಮ ಅಂದನಂತೆ. ಅವತ್ತಿನಿಂದ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ಹುಲ್ಲು ಬೆಳೆದಿದೆ.

"ಇವರು ತಮ್ಮನ ಮಾತನ್ನ ನಂಬಲ್ಲ," ಅಂದರು ಪೂವಮ್ಮ. "ಸಿಟ್ಟಲ್ಲಿ ಅಂದದ್ದು, ನಾನು ಸತ್ತ ದಿನ ಓಡಿ ಬರ್ತಾನೆ ನೋಡು ಅಂತಾರೆ. ಅದನ್ನೇ ನೆಚ್ಚಿಕೊಂಡು ಕೂತಿದ್ದಾರೆ."

ನಾಗಭೂಷಣನಿಗೆ ಪಾಪ ಅನ್ನಿಸಿತು. ಆದರೆ ಅವನ ತಲೆಯಲ್ಲಿ ಆಗ ಬೇರೆ ಹುಳ ಹೊಕ್ಕಿತ್ತು. ನೂರು ಗಜದ ಕಾಯಿ ಅವನಿಗೆ ಸಾಕಾಗಿತ್ತು, ಮುನ್ನೂರು ಗಜದ್ದು ಬೇಕಿತ್ತು. ಅಷ್ಟು ದೂರಕ್ಕೆ ಟೂ ಟೂ ಗುಂಡು ಹೋಗುವುದೇನೋ ಹೋಗುತ್ತದೆ, ಆದರೆ ಸುಸ್ತಾದ ದಾಸಯ್ಯನ ಹಾಗೆ ಎಲ್ಲೆಂದರಲ್ಲಿ ಕೂರುತ್ತದೆ.

ಅವನು ನೋಟುಪುಸ್ತಕದಲ್ಲಿ ಗೆರೆ ಎಳೆದು ಕ್ಯಾಲಿಬರುಗಳ, ಅಂದರೆ ಗುಂಡಿನ ಅಳತೆಗಳ, ಪಟ್ಟಿ ಮಾಡಿದ. ಆರೂವರೆ ಮಿಲಿಮೀಟರಿನದು ಒಂದು ಕಡೆ, ಅದಕ್ಕಿಂತ ದಪ್ಪ ಗುಂಡಿನ ಥರ್ಟಿ ನಾಟ್ ಸಿಕ್ಸ್ ಇನ್ನೊಂದು ಕಡೆ. ಮೊದಲನೆಯದು ಭುಜವನ್ನು ಕಡಿಮೆ ಒದೆಯುತ್ತದೆ, ಗಾಳಿಗೆ ಅಷ್ಟಾಗಿ ಬಾಗುವುದಿಲ್ಲ. ಎರಡನೆಯದಕ್ಕೆ ತೂಕ ಹೆಚ್ಚು, ತೋಟಾ ಸಿಗುವುದೂ ಸುಲಭ. ಗುಂಡು ಎಷ್ಟು ಕೆಳಗಿಳಿಯುತ್ತದೆ, ಎಷ್ಟು ಪಕ್ಕಕ್ಕೆ ಸರಿಯುತ್ತದೆ, ನಳಿಗೆ ಎಷ್ಟು ವರ್ಷ ಬಾಳುತ್ತದೆ, ಎಲ್ಲಕ್ಕೂ ಒಂದೊಂದು ಅಂಕಣ. ಇನ್ನೇನು ನಿರ್ಧಾರ ಆಯಿತು ಅನ್ನುವಾಗ ರೈಫಲ್ ಕ್ಲಬ್ಬಿನಲ್ಲಿ ಯಾರಾದರೂ ಒಬ್ಬರು ಏನಾದರೂ ಹೇಳುತ್ತಿದ್ದರು, ಇವನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

ಕೊನೆಗೆ ಗುರುಗಳನ್ನೇ ಕೇಳಿದ.

"ಗುರುಗಳೇ, ಮುನ್ನೂರು ಗಜಕ್ಕೆ ಯಾವ ಕ್ಯಾಲಿಬರ್ ಆರಿಸಿಕೊಳ್ಳಲಿ?"

ಗುರುಗಳು ಬಲಗಡೆಯ ಗುಡ್ಡ ತೋರಿಸಿದರು. "ಅದರ ಆಚೆ ಮಗ್ಗುಲಿಗೆ ಇಳಿದು ಅರ್ಧ ಗಂಟೆ ನಿಂತಿರು. ಏನು ಕೇಳಿಸ್ತು ಅಂತ ಬಂದು ಹೇಳು."

ನಾಗಭೂಷಣ ಹುಲ್ಲು ಬೆಳೆದ ದಾರಿಯಲ್ಲಿ ಹತ್ತಿ ಆಚೆಗೆ ಇಳಿದ. ಕೆಳಗೆ ಹೆಂಚಿನ ಮನೆಯೊಂದರ ಮುಂದೆ ವಯಸ್ಸಾದವರೊಬ್ಬರು ಸೌದೆ ಜೋಡಿಸುತ್ತಿದ್ದರು. ಬಗ್ಗುವ ರೀತಿ, ನಡು ಹಿಡಿದು ಏಳುವ ರೀತಿ ಥೇಟು ಗುರುಗಳದೇ. ಅರ್ಧ ಗಂಟೆ ನಿಂತು ವಾಪಸು ಬಂದ.

"ಏನು ಕೇಳಿಸ್ತು?"

"ಏನೂ ಇಲ್ಲ ಗುರುಗಳೇ."

"ಇಲ್ಲಿಂದ ನಾನು ಮೂರು ಗುಂಡು ಹೊಡೆದೆ," ಅಂದರು ಗುರುಗಳು, ಟೂ ಟೂವನ್ನು ಅವನ ಕೈಗಿಡುತ್ತಾ. "ನಿನ್ನ ಕ್ಯಾಲಿಬರ್ ಇದೇ."

ಶಿಷ್ಯರ ಕರ್ಮ ಇದು. ಗುರು ಬಾಗಿಲು ಹಾಕು ಅಂದರೂ ಅದರಲ್ಲೊಂದು ವೇದಾಂತ ಹುಡುಕುತ್ತಾರೆ. ನಾಗಭೂಷಣ ಆ ರಾತ್ರಿ ನೋಟುಪುಸ್ತಕದಲ್ಲಿ 'ನಿಶ್ಶಬ್ದವೇ ಗುರಿ' ಅಂತ ಬರೆದು ಅಡಿಗೆರೆ ಎಳೆದ. ಮರುದಿನ ಓದಿದರೆ ಅವನಿಗೇ ಅರ್ಥವಾಗಲಿಲ್ಲ. ಮುದುಕರಿಗೆ ಹೊಸದು ಒಗ್ಗುವುದಿಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡು, ಏಳು ತಿಂಗಳ ಲೆಕ್ಕಾಚಾರಕ್ಕೆ ಕೊನೆ ಹಾಡಿ, ಥರ್ಟಿ ನಾಟ್ ಸಿಕ್ಸ್ ತೆಗೆದುಕೊಂಡ. ಅವನ ಪಟ್ಟಿಯಲ್ಲಿ ಎಲ್ಲಕ್ಕೂ ಅಂಕಣವಿತ್ತು, ಸದ್ದಿಗೊಂದು ಇರಲಿಲ್ಲ.

ಡಿಸೆಂಬರಿನ ಒಂದು ಭಾನುವಾರ ಹೊಸ ರೈಫಲ್ ಹೊತ್ತು ಬಂದ. ಕುಯ್ಲು ಮುಗಿದು ಗದ್ದೆ ಬಯಲಾಗಿತ್ತು. ಗುರುಗಳು ಬಚ್ಚಲಲ್ಲಿ ಮುಖಕ್ಷೌರಕ್ಕೆ ಕೂತಿದ್ದರು. ಪೂವಮ್ಮ ಹಿತ್ತಲಲ್ಲಿ ಕೋಳಿಗಳ ಹಿಂದೆ ಇದ್ದರು.

ಒಳ್ಳೆಯದೇ ಆಯಿತು ಅಂದುಕೊಂಡ. ಒಡೆದ ಕಾಯಿಯ ಎರಡು ಹೋಳನ್ನು ಗುರುಗಳ ಮುಂದಿಟ್ಟು, ಮುನ್ನೂರು ಗಜ ಅಂತ ಒಂದೇ ಮಾತು ಹೇಳಬೇಕು. ಮೂರು ವರ್ಷದಲ್ಲಿ ಅವರು ಒಂದು ಸಲವೂ ಭೇಷ್ ಅಂದಿರಲಿಲ್ಲ.

ತಾನೇ ಹೋಗಿ ಕಾಯಿ ಕಟ್ಟಿದ. ಅಳೆಯುವುದು ಹೇಗೂ ಅವನ ಕಸುಬು, ಮುನ್ನೂರು ಗಜ ಹಿಂದೆ ಬಂದು ಚಾಪೆ ಹಾಸಿ ಮಲಗಿದ. ಉಸಿರು ಅರ್ಧ ಬಿಟ್ಟು ರೈಫಲ್ಲಿನ ಕುದುರೆ ಎಳೆದ.

ಹೊಳೆಯುದ್ದಕ್ಕೂ ಸದ್ದು ಉರುಳಿಕೊಂಡು ಹೋಯಿತು. ಕಾಯಿಯ ಬಲಕ್ಕೆ, ಒಂದು ಗೇಣು ಆಚೆ, ಬರೆಯಲ್ಲಿ ಮಣ್ಣು ಹಾರಿತು.

ತಪ್ಪು ಎಲ್ಲಿ ಅಂತ ಅವನಿಗೆ ಥಟ್ಟನೆ ಹೊಳೆಯಿತು. ಹೊಳೆಯ ಕಡೆಯಿಂದ ಗುಡ್ಡದ ಕಡೆಗೆ ಒಂದೇ ಸಮ ಗಾಳಿ ಬೀಸುತ್ತಿತ್ತು, ಗದ್ದೆಯ ಕೂಳೆಗಳೆಲ್ಲ ಬಲಕ್ಕೆ ವಾಲಿದ್ದವು. ಗುಂಡನ್ನು ಗಾಳಿ ತಳ್ಳಿದೆ. ಎದ್ದು ನಡೆದುಹೋಗಿ ಬರುವಷ್ಟರಲ್ಲಿ ಗಾಳಿ ಬದಲಾಗಿಬಿಟ್ಟರೆ? ಕಟ್ಟಳೆ ನೆನಪಾಯಿತು. ಇದೊಂದು ಸಲ ಅಂದುಕೊಂಡು ಬೋಲ್ಟು ಎಳೆದು ಹೊಸ ತೋಟಾ ಏರಿಸಿದ, ಒಂದು ಗೇಣು ಎಡಕ್ಕೆ ಗುರಿ ಹಿಡಿದು ಎರಡನೆಯದನ್ನು ಹೊಡೆದ.

ಕಾಯಿ ಎರಡು ಹೋಳಾಯಿತು.

ಅವನು ಹೋಳುಗಳನ್ನು ಎತ್ತಿಕೊಂಡು ಬರುವಷ್ಟರಲ್ಲಿ ಅಂಗಳಕ್ಕೆ ಜನ ಬರತೊಡಗಿದ್ದರು. ಮೊದಲು ಪಕ್ಕದ ಮನೆಯ ಕುಟ್ಟಪ್ಪ, ಹೆಗಲ ಮೇಲೆ ಕೊಡಲಿ. ಹಿಂದೆ ನಾಲ್ಕೈದು ಗಂಡಸರು. ಹೊಳೆ ದಾಟಿಕೊಂಡು ಬಿಳಿ ಬಟ್ಟೆ ಉಟ್ಟ ಹೆಂಗಸರು. ಕೋಲೂರಿಕೊಂಡು ಒಬ್ಬಳು ಅಜ್ಜಿ, ಅಳುತ್ತಲೇ ಬಂದಳು.

ಬಚ್ಚಲಿನಿಂದ ಗುರುಗಳು ಹೊರಗೆ ಬಂದರು. ಅರ್ಧ ಗಲ್ಲದಲ್ಲಿ ಇನ್ನೂ ನೊರೆ ಇತ್ತು.

ಅಜ್ಜಿ ಅಳು ನಿಲ್ಲಿಸಿ ಅವರನ್ನು ಮುಟ್ಟಿ ನೋಡಿದಳು.

ಕುಟ್ಟಪ್ಪ ನಾಗಭೂಷಣನನ್ನು ಪಕ್ಕಕ್ಕೆ ಕರೆದು, ಹೊಡೆದದ್ದು ನೀವಾ ಅಂತ ಕೇಳಿದ. ಇವನು ಗಾಬರಿಯಲ್ಲಿ ಹೌದು ಅಂದು, ಮೊದಲನೆಯದು ಗಾಳಿಗೆ ತಪ್ಪಿತು, ಎರಡನೆಯದಕ್ಕೆ ಒಂದು ಗೇಣು ಎಡಕ್ಕೆ ಹಿಡಿದೆ ಅಂತ ಎಲ್ಲರಿಗೂ ಕೇಳುವ ಹಾಗೆ ವರದಿ ಒಪ್ಪಿಸಿದ.

"ಸ್ವಾಮಿ," ಅಂದ ಕುಟ್ಟಪ್ಪ, "ನಮ್ಮಲ್ಲಿ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸಿದ್ರೆ ಆ ಮನೇಲಿ ಸಾವಾಗಿದೆ ಅಂತ ಲೆಕ್ಕ. ಕೇಳಿದವರು ಇದ್ದಲ್ಲಿಂದ ಎದ್ದು ಬರ್ಬೇಕು."

ನಾಗಭೂಷಣನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗುರುಗಳು ಮಾತ್ರ ಗಟ್ಟಿಯಾಗಿ ನಕ್ಕರು. ಸತ್ತವನ ಮನೆಯಲ್ಲಿ ಒಲೆ ಹಚ್ಚಬಾರದು, ಆದ್ರೆ ಹೆಣವೇ ಹೇಳ್ತಾ ಇದೆ, ಎಲ್ಲರಿಗೂ ಕಾಫಿ ಮಾಡು ಅಂತ ಪೂವಮ್ಮನಿಗೆ ಕೂಗಿ ಹೇಳಿದರು. ಬಂದವರಿಗೂ ನಗು ಬಂತು. ಕುಟ್ಟಪ್ಪ ಚಿತೆಯ ಕಟ್ಟಿಗೆಗೆಂದು ತಂದ ಕೊಡಲಿಯನ್ನು ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕಾಫಿ ಕುಡಿದ.

ಆಮೇಲೂ ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು. ದೂರದ ಮನೆಯವರು, ಗುರುಗಳ ಜೊತೆ ಮಾತು ಕಡಿಮೆಯಾದವರು, ಕಳೆದ ಚುನಾವಣೆಯಲ್ಲಿ ಕೈಕೈ ಮಿಲಾಯಿಸಿದವನೊಬ್ಬ. ಬಂದು, ನೋಡಿ, ನಕ್ಕು, ಕೂತರು.

ಕಾಫಿಯ ತಟ್ಟೆ ಹಿಡಿದು ಹೊರಗೆ ಬಂದ ಪೂವಮ್ಮ ನಡುವೆ ನಿಂತುಬಿಟ್ಟರು. ಅವರು ಗುಡ್ಡದ ಕಡೆ ನೋಡುತ್ತಿದ್ದರು.

ಗುರುಗಳೂ ನೋಡಿದರು. ಹುಲ್ಲು ಬೆಳೆದ ಕಾಲುದಾರಿ ಖಾಲಿ ಇತ್ತು. ಅವರ ನಗು ಅಲ್ಲಿಗೆ ನಿಂತಿತು.

ನಾಗಭೂಷಣನಿಗೆ ಆಗ ತಿಳಿಯಿತು. ಗುಡ್ಡದಾಚೆ ತನ್ನನ್ನು ಯಾಕೆ ನಿಲ್ಲಿಸಿದ್ದರು, ಕೇಳಿಸದ ಸದ್ದನ್ನು ಯಾಕೆ ಒಳ್ಳೆಯದು ಅಂದರು, ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಯಾಕೆ ನಡೆಸಿದರು, ಎಲ್ಲವೂ ತಿಳಿಯಿತು. ತಿಳಿದು ಪ್ರಯೋಜನವಿರಲಿಲ್ಲ.

ಬಂದವರು ಮಧ್ಯಾಹ್ನದ ಹೊತ್ತಿಗೆ ಎದ್ದು ಹೋದರು. ಗುರುಗಳು ಕುರ್ಚಿಯನ್ನು ಗುಡ್ಡದ ಕಡೆಗೆ ತಿರುಗಿಸಿಕೊಂಡು ಕೂತರು. ಊಟಕ್ಕೆ ಕರೆದರೆ ಆಮೇಲೆ ಅಂದರು. ಮೂರು ಗಂಟೆಗೆ ಎದ್ದು ಉಳಿದರ್ಧ ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಬಂದು ಮತ್ತೆ ಕೂತರು. ತಮ್ಮ ಬಂದರೆ ಬದುಕಿರುವ ಅಣ್ಣ ಚೆನ್ನಾಗಿ ಕಾಣಬೇಕಲ್ಲ.

ಒಂದು ಸಲ ಗುಡ್ಡದ ನೆತ್ತಿಯ ಹುಲ್ಲು ಅಲುಗಾಡಿತು. ಗುರುಗಳು ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಯಾರದೋ ದನ. ಅವರು ನಿಧಾನಕ್ಕೆ ಕೂತರು.

ಬಿಸಿಲು ಇಳಿಯಿತು. ದಾರಿಯಲ್ಲಿ ಯಾರೂ ಬರಲಿಲ್ಲ.

ನಾಗಭೂಷಣ ಅವರ ಕಾಲ ಬಳಿ ಮೆಟ್ಟಿಲ ಮೇಲೆ ಕೂತ.

"ಗುರುಗಳೇ, ನನ್ನಿಂದ ದೊಡ್ಡ ತಪ್ಪಾಯ್ತು."

"ನಿನ್ನದೊಬ್ಬನದೇ ಅಲ್ಲ," ಅಂದರು ಗುರುಗಳು. "ಎರಡು ಗುಂಡು ಅಂದ್ರೆ ಏನು ಅಂತ ಬಾಯಿಬಿಟ್ಟು ಹೇಳಿದ್ರೆ ಮುಗೀತಿತ್ತು. ಹೇಳಿದ್ರೆ ತಮ್ಮನ ಮಾತೂ ಬರ್ತಿತ್ತು. ಅದನ್ನ ಆಡೋಕೆ ನನಗೆ ಬಿಗುಮಾನ. ಅದಕ್ಕೆ ನಿನ್ನನ್ನ ಗುಡ್ಡ ಹತ್ತಿಸಿದೆ, ಒಗಟು ಹೇಳಿದೆ. ನೀನೇನು ಮಾಡ್ತೀಯ?"

ಗುಡ್ಡದ ಮೇಲಿಂದ ಕಣ್ಣು ಕೀಳದೆ ಮತ್ತೆ ಅಂದರು.

"ಸತ್ತ ಮೇಲಾದ್ರೆ ಅವನು ಬಂದನೋ ಇಲ್ವೋ ನನಗೆ ಗೊತ್ತಾಗ್ತಿರ್ಲಿಲ್ಲ. ಬರ್ತಾನೆ ಅಂದುಕೊಂಡೇ ಹೋಗ್ತಿದ್ದೆ."

ನಾಗಭೂಷಣನಿಗೆ ತಡೆಯಲಾಗಲಿಲ್ಲ. ಈ ಮನುಷ್ಯನ ಕೈಯಿಂದ ತಾನು ಕಿತ್ತುಕೊಂಡದ್ದನ್ನು ಹೇಗಾದರೂ ವಾಪಸು ಕೊಡಬೇಕಿತ್ತು. ಮೂರು ವರ್ಷದಲ್ಲಿ ಗುರುಗಳಿಗೆ ಅವನು ಹೇಳಿದ ಮೊದಲ ಸುಳ್ಳು ಅದು.

"ಅವರಿಗೆ ಕೇಳಿಸೇ ಇಲ್ಲ ಗುರುಗಳೇ. ಬೆಳಿಗ್ಗೆ ಗಾಳಿ ಗುಡ್ಡದ ಕಡೆಯಿಂದ ಇತ್ತ ಬೀಸ್ತಿತ್ತು. ಸದ್ದೆಲ್ಲ ಹೊಳೆ ಕಡೆಗೆ ಹೋಯ್ತು. ನಾನೇ ನೋಡಿದ್ದೇನೆ."

ಗುರುಗಳು ಅವನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟರು.

"ಗಾಳಿ ಆ ಕಡೆಯಿಂದ ಬೀಸಿದ್ರೆ," ಅಂದರು, "ಒಂದು ಗೇಣು ಎಡಕ್ಕೆ ಹಿಡಿದ ಗುಂಡಿಗೆ ಆ ಕಾಯಿ ಒಡೀತಿರ್ಲಿಲ್ಲ, ನಾಗಭೂಷಣ."