ಎಡಗಡೆಯ ಬೆಂಚು

ಇಟಲಿಗೆ ಎದುರಾದ ಕಡಲ ದಂಡೆಯಲ್ಲಿದ್ದ ಕ್ರೊಯೇಷಿಯಾದ ಆ ಪುಟ್ಟ ಊರಲ್ಲಿ ಜನ ಕ್ರೊಯೇಷಿಯನ್ ಭಾಷೆಯಲ್ಲಿ ಮಾತು ಶುರುಮಾಡಿ ಇಟಾಲಿಯನ್ನಿನಲ್ಲಿ ಜಗಳ ಮುಗಿಸುತ್ತಿದ್ದರು. ರಾಜಧಾನಿಯಿಂದ ಬಂದ ಅಧಿಕಾರಿಗೆ ಅದು ಸರಿಬರಲಿಲ್ಲ. ಪುರಸಭೆಯ ಮುದಿ ಜವಾನ ಬೆರ್ತೊನನ್ನು ಕರೆದು ಗದರಿದ: "ನಾಳೆ ಸಭೆಗೆ ಬೆಂಚು ಹಾಕು. ಕ್ರೊಯೇಷಿಯನ್ನರು ಬಲಕ್ಕೆ, ಇಟಾಲಿಯನ್ನರು ಎಡಕ್ಕೆ. ಯಾರು ಯಾವ ಪೈಕಿ ಅಂತ ಒಂದೇ ನೋಟಕ್ಕೆ ನನಗೆ ಗೊತ್ತಾಗಬೇಕು."

"ಆಗಲಿ ಸ್ವಾಮಿ," ಅಂದ ಬೆರ್ತೊ.

ಮರುದಿನ ಅಧಿಕಾರಿ ಬಂದು ನೋಡಿದರೆ ಸಭಾಂಗಣ ಖಾಲಿ. ಬೆಂಚುಗಳೆಲ್ಲ ಊರ ಚೌಕದಲ್ಲಿ, ಬಾವಿಯ ಸುತ್ತ ಗುಂಡಗೆ ನಿಂತಿದ್ದವು. ಗಂಡ ಹೆಂಡತಿ, ಅತ್ತೆ ಸೊಸೆ, ಇಡೀ ಊರೇ ಅಲ್ಲಿ ಒತ್ತೊತ್ತಾಗಿ ಕೂತಿತ್ತು.

"ಇದರಲ್ಲಿ ಎಡ ಯಾವುದೋ, ಬಲ ಯಾವುದೋ?" ಅಧಿಕಾರಿ ಕಿರುಚಿದ.

"ಅದು ತಾವು ಎಲ್ಲಿ ಕೂರುತ್ತೀರಿ ಅನ್ನೋದರ ಮೇಲೆ ಹೋಗುತ್ತೆ ಸ್ವಾಮಿ."

ಜನ ಗೊಳ್ಳೆಂದು ನಕ್ಕರು. ಅಧಿಕಾರಿಯ ಮುಖ ಕೆಂಪೇರಿತು. "ಹೇಳಿದ ಹಾಗೆ ಹಾಕೋಕೆ ನಿನಗೇನು ರೋಗ?"

ಬೆರ್ತೊ ನಗಲಿಲ್ಲ. "ಎರಡನೇ ಮಹಾಯುದ್ಧ ಮುಗಿದ ಮೇಲೂ ಒಬ್ಬ ಸಾಹೇಬರು ಇದೇ ಚೌಕದಲ್ಲಿ ನಮಗೆ ಎಡಕ್ಕೆ ಬಲಕ್ಕೆ ಕೂರಿ ಅಂದಿದ್ದರು. ಎಡಕ್ಕೆ ಕೂತವರನ್ನು ಇಟಲಿಯವರು ಅಂತ ಇಟಲಿಯ ಹಡಗು ಹತ್ತಿಸಿಬಿಟ್ಟರು. ನನ್ನ ತಮ್ಮನೂ ಹೋದ, ತಿರುಗಿ ಬರಲಿಲ್ಲ." ಹೆಗಲ ಮೇಲಿನ ಬಟ್ಟೆಯಿಂದ ಅವನು ಒಂದು ಬೆಂಚು ಒರೆಸಿದ.

"ಅವನು ಎಡಕ್ಕೆ ಕೂತಿದ್ದು, ಆ ಕಡೆ ನೆರಳಿತ್ತು ಅಂತ."